ಮೆಷಿನಿಸ್ಟ್ ಅಪ್ರೆಂಟಿಸ್: ಹರಿಹರದಲ್ಲಿ 8,000, ಪೀಣ್ಯದಲ್ಲಿ 14,500. ಯಾವುದಕ್ಕೆ ಸೇರಲಿ?

ಬಡಗಿ_ಮಗ_ದಾವಣಗೆರೆ · ಆಗಸ್ಟ್ 4, ರಾತ್ರಿ 10:20

ಎಲ್ಲರಿಗೂ ನಮಸ್ಕಾರ. ಐಟಿಐ ಮೆಷಿನಿಸ್ಟ್ ಟ್ರೇಡ್ ಎರಡು ವರ್ಷ ಮುಗಿಸಿದ್ದೇನೆ. ರಿಸಲ್ಟ್ ಬಂತು, ಪಾಸು. ಈಗ ಎರಡು ಕಡೆಯಿಂದ ಕರೆ ಬಂದಿದೆ. ತಲೆ ಕೆಟ್ಟು ಕೂತಿದ್ದೇನೆ.

ಒಂದು ಹರಿಹರದಲ್ಲಿ. ನಲವತ್ತು ಜನ ಇರುವ ವರ್ಕ್‌ಶಾಪ್. ಹೈಡ್ರಾಲಿಕ್ ವಾಲ್ವ್‌ಗೆ ಸ್ಪೂಲ್ (ವಾಲ್ವ್ ಒಳಗೆ ಜಾರುವ ಉರುಳೆ), ಬುಷ್, ಪಿನ್ ಮಾಡುತ್ತಾರೆ. ನಾಲ್ಕು ಹಳೇ ಲೇತ್, ಎರಡು ಗ್ರೈಂಡಿಂಗ್ ಮೆಷಿನ್, ಮೂರು ಸಿಎನ್‌ಸಿ (ಕಂಪ್ಯೂಟರ್ ಪ್ರೋಗ್ರಾಮ್‌ನಲ್ಲಿ ಓಡುವ ಲೇತ್), ಒಂದು ವಿಎಂಸಿ (ಅದೇ ಥರದ ಮಿಲ್ಲಿಂಗ್ ಮೆಷಿನ್). ಒಂದು ವರ್ಷ ಅಪ್ರೆಂಟಿಸ್, ತಿಂಗಳಿಗೆ 8,000.

ಇನ್ನೊಂದು ಬೆಂಗಳೂರು ಪೀಣ್ಯ. ಏಜೆನ್ಸಿ ಕಡೆಯಿಂದ. "ಸಿಎನ್‌ಸಿ ಆಪರೇಟರ್ ಟ್ರೈನಿ" ಅಂತ ಹೆಸರು, 14,500. ಪೂರ್ತಿ ಸಿಎನ್‌ಸಿ ಶಾಪ್, ಎಲ್ಲಾ ಹೊಸ ಮೆಷಿನ್.

ಮನೆಯಲ್ಲಿ ಅಪ್ಪ ಬಡಗಿ ಕೆಲಸ ಮಾಡುತ್ತಾರೆ. ತಂಗಿ ಪಿಯುಸಿ. ದುಡ್ಡು ಬೇಕು. ಆದರೆ ಅವ್ವ ಊರಲ್ಲೇ ಇರು ಅಂತಾರೆ.

ಇನ್ನೊಂದು ವಿಷಯ ಹೇಳಲೇಬೇಕು. ಹರಿಹರದ ಇಂಟರ್‌ವ್ಯೂನಲ್ಲಿ "ಹತ್ತು ಮೈಕ್ರಾನ್ ಅಂದ್ರೆ ಎಷ್ಟು ಮಿಲಿಮೀಟರ್?" ಅಂತ ಕೇಳಿದರು. ನಾನು 0.1 ಅಂದುಬಿಟ್ಟೆ. ಸೂಪರ್‌ವೈಸರ್ ನಕ್ಕರು. ಆದರೂ ಸೋಮವಾರ ಬಾ ಅಂದರು. ಎರಡು ವರ್ಷ ಓದಿ ಇದೂ ಬರಲಿಲ್ಲವಲ್ಲ ಅಂತ ನಾಚಿಕೆ ಆಗಿದೆ. ಅನುಭವ ಇರುವವರು ಹೇಳಿ.

ಪೀಣ್ಯ_ಬಿ_ಶಿಫ್ಟ್ · ಆಗಸ್ಟ್ 4, ರಾತ್ರಿ 11:05

ಬಾ ಗುರು ಬೆಂಗಳೂರಿಗೆ. ನಾನೂ ದಾವಣಗೆರೆಯವನೇ, ನಿಟುವಳ್ಳಿ. ಇಲ್ಲಿಗೆ ಬಂದು ನಾಲ್ಕು ವರ್ಷ. ಪೀಣ್ಯದಲ್ಲಿ ಒಂದು ಕಂಪನಿ ಬಿಟ್ಟರೆ ಪಕ್ಕದ ರಸ್ತೆಯಲ್ಲೇ ಇನ್ನೊಂದು ಸಿಗುತ್ತೆ. ಊರಲ್ಲಿ ಬಿಟ್ಟರೆ ಮನೆಯಲ್ಲಿ ಕೂರಬೇಕು.

ಫ್ಯಾನಕ್_ಪ್ರೇಮಿ · ಆಗಸ್ಟ್ 4, ರಾತ್ರಿ 11:31

ಹಳೇ ಲೇತ್ ಇರೋ ಕಡೆ ಹೋಗಿ ಏನು ಮಾಡ್ತೀಯ? ಕೈಯಲ್ಲಿ ಹ್ಯಾಂಡಲ್ ತಿರುಗಿಸೋ ಕಾಲ ಮುಗೀತು. ಪ್ರೋಗ್ರಾಮ್ ಕಲಿ. ಜಿ71, ಜಿ70, ಜಿ76 ಕೋಡ್‌ಗಳು ಬಂದರೆ ಸಾಕು, ಎಲ್ಲಿ ಬೇಕಾದರೂ ಕೆಲಸ.

ಹಳೇ_ಟರ್ನರ್_ಹರಿಹರ · ಆಗಸ್ಟ್ 5, ಬೆಳಿಗ್ಗೆ 6:12

ತಮ್ಮಾ, ಮೊದಲು ಆ ನಾಚಿಕೆ ಬಿಡು. ನಿಮ್ಮಪ್ಪ ಬಡಗಿ ಅಂದೆಯಲ್ಲ, ಅಲ್ಲಿಂದಲೇ ಶುರು ಮಾಡೋಣ. ಅವರು ಮರ ಅಳೆಯುವಾಗ "ಮೂರಿಂಚು ಎರಡು ನೂಲು" ಅಂತಾರೆ ತಾನೆ? ಒಂದು ಇಂಚಿಗೆ ಎಂಟು ನೂಲು. ಒಂದು ನೂಲು ಅಂದರೆ 3.175 ಮಿಲಿಮೀಟರ್. ಒಂದು ಮಿಲಿಮೀಟರ್‌ಗೆ ಸಾವಿರ ಮೈಕ್ರಾನ್. ಹಾಗಾಗಿ ನಿಮ್ಮಪ್ಪನ ಒಂದು ನೂಲಿನೊಳಗೆ 3,175 ಮೈಕ್ರಾನ್ ಕೂತಿವೆ. ಹತ್ತು ಮೈಕ್ರಾನ್ ಅಂದರೆ 0.01 ಮಿಲಿಮೀಟರ್. ತಲೆಕೂದಲೇ ಐವತ್ತರಿಂದ ನೂರು ಮೈಕ್ರಾನ್ ದಪ್ಪ ಇರುತ್ತೆ. ನೀನು ಸೇರುವ ಕೆಲಸ ಕೂದಲನ್ನು ಉದ್ದಕ್ಕೆ ಸೀಳಿದ ಹಾಗೆ.

ನಾನು 1984ರಲ್ಲಿ ಇದೇ ಊರಿನ ಮೈಸೂರು ಕಿರ್ಲೋಸ್ಕರ್‌ಗೆ ಅಪ್ರೆಂಟಿಸ್ ಆಗಿ ಸೇರಿದವನು. ಆ ಕಂಪನಿ 1941ರಲ್ಲಿ ಶುರುವಾಗಿದ್ದು. ಈಗ ಇಲ್ಲ. ಲೇತ್ ಮೇಲೆ ಲೇತ್‌ನ ಭಾಗಗಳನ್ನೇ ಮಾಡುತ್ತಿದ್ದೆವು. ಈಗಲೂ ಯಾವುದಾದರೂ ಹಳ್ಳಿ ಗ್ಯಾರೇಜಿಗೆ ಹೋದರೆ ಮೊದಲು ಲೇತ್‌ನ ಹೆಸರು ಓದುತ್ತೇನೆ. ಹರಿಹರದ್ದಾದರೆ ಬೆಡ್ ಮೇಲೆ ಒಮ್ಮೆ ಕೈ ಆಡಿಸಿ ಬರ್ತೀನಿ. ಇರಲಿ, ವಿಷಯಕ್ಕೆ ಬರ್ತೀನಿ.

ಮೊದಲ ವಾರಗಳೆಲ್ಲ ನಮಗೆ ಮೆಷಿನ್ ಮುಟ್ಟಲು ಬಿಡಲಿಲ್ಲ. ಒಂದು ಕಬ್ಬಿಣದ ತುಂಡು, ಒಂದು ಅರ. ಉಜ್ಜಿ ಚೌಕ ಮಾಡು ಅಂತ. ಉಜ್ಜೋದು, ಸರ್ಫೇಸ್ ಪ್ಲೇಟ್ ಮೇಲೆ ನೀಲಿ ಬಣ್ಣ ಹಚ್ಚಿ ಒರೆಸಿ ನೋಡೋದು. ಎಲ್ಲಿ ನೀಲಿ ಹತ್ತಿತೋ ಅದು ಎತ್ತರ. ಮತ್ತೆ ಉಜ್ಜೋದು. ನನ್ನ ಜೊತೆಗಿದ್ದ ಒಬ್ಬ ಹನ್ನೊಂದನೇ ದಿನ ಅರ ಬಿಸಾಕಿ ಊರಿಗೆ ಹೋದ, ಮೂರು ದಿನ ಬಿಟ್ಟು ಅವರಪ್ಪನೇ ಕರೆದುಕೊಂಡು ಬಂದರು. ಆಗ ಶಿಕ್ಷೆ ಅನ್ನಿಸಿತ್ತು. ಆಮೇಲೆ ಗೊತ್ತಾಯಿತು. ಲೋಹ ಎಷ್ಟು ತಳ್ಳಿದರೆ ಎಷ್ಟು ಹೋಗುತ್ತೆ ಅನ್ನೋದನ್ನು ಕೈಗೆ ಕಲಿಸುತ್ತಿದ್ದರು.

ಇನ್ನು ನಿನ್ನ ಪ್ರಶ್ನೆ. ಸಂಬಳ ನೋಡಬೇಡ ಅಂತ ಹೇಳಲ್ಲ, ಮನೆ ನಡೆಯಬೇಕು. ಮೆಷಿನ್ ಹೊಸದೋ ಹಳೆಯದೋ ಅಂತ ಮಾತ್ರ ನೋಡಬೇಡ. ಸೋಮವಾರ ಹೋದಾಗ ಇನ್‌ಸ್ಪೆಕ್ಷನ್ ಟೇಬಲ್ ನೋಡು. ಮೈಕ್ರೋಮೀಟರ್‌ಗಳ ಮೇಲೆ ಕ್ಯಾಲಿಬ್ರೇಷನ್ ಸ್ಟಿಕ್ಕರ್ ಇದೆಯಾ? ಅದರ ಮೇಲಿನ ತಾರೀಕು ಮುಗಿದಿದೆಯಾ? ಸ್ಲಿಪ್ ಗೇಜ್ (ನಿಖರ ದಪ್ಪದ ಉಕ್ಕಿನ ತುಂಡುಗಳು) ಪೆಟ್ಟಿಗೆ ಇದೆಯಾ, ಇದ್ದರೆ ತುಕ್ಕು ಹಿಡಿದಿದೆಯಾ? ಆಮೇಲೆ ಒಬ್ಬ ಆಪರೇಟರ್ ಹತ್ತಿರ ಸುಮ್ನೆ ಕೇಳು: "ಅಣ್ಣ, ಜಾಬ್ (ಕೆತ್ತಿದ ತುಂಡು) ನೀವೇ ಅಳೀತೀರಾ, ಕ್ಯೂಸಿ (ಗುಣಮಟ್ಟ ತಪಾಸಣೆ) ಅವರು ಬಂದು ಅಳೀತಾರಾ?" ಅಂತ. "ನಾವೇ" ಅಂದರೆ ಆ ಜಾಗ ಬಿಡಬೇಡ. ಅಳೆಯಲು ಬಿಡುವ ಕಡೆ ಕಲೀತೀಯ. ಅಳೆಯಲು ಬಿಡದ ಕಡೆ ಎಷ್ಟೇ ದೊಡ್ಡ ಮೆಷಿನ್ ಇದ್ದರೂ ನೀನು ಬಾಗಿಲು ತೆಗೆದು ಹಾಕುವವನು.

ಸ್ಪೂಲ್ ಮಾಡುತ್ತಾರೆ ಅಂದೆ. ಅದೊಂದೇ ಸಾಕು ನನಗೆ. ಸ್ಪೂಲ್‌ಗೂ ಅದು ಕೂರುವ ಬೋರ್‌ಗೂ (ರಂಧ್ರಕ್ಕೂ) ನಡುವೆ ಇರುವ ಸಂದು ಕೆಲವೇ ಮೈಕ್ರಾನ್. ಜಾಸ್ತಿಯಾದರೆ ಎಣ್ಣೆ ಸೋರುತ್ತೆ, ಕಮ್ಮಿಯಾದರೆ ಹಿಡಿದುಕೊಳ್ಳುತ್ತೆ. ಅಂಥ ಜಾಬ್ ಮಾಡುವವರು ಅಳತೆ ವಿಷಯದಲ್ಲಿ ಉಡಾಫೆ ಮಾಡಿ ಬದುಕಲು ಆಗಲ್ಲ.

ಕ್ಯೂಸಿ_ಅಕ್ಕ · ಆಗಸ್ಟ್ 5, ಬೆಳಿಗ್ಗೆ 9:40

ಹಳೇ ಟರ್ನರ್ ಸರ್ ಹೇಳಿದ್ದು ಸರಿ. ನಾನು ಕಾಗದದ ಕಡೆಯಿಂದ ಹೇಳ್ತೀನಿ. ಹುಡುಗರು ಎಡವೋದು ಅಲ್ಲೇ.

"ಟ್ರೈನಿ" ಬೇರೆ, "ಅಪ್ರೆಂಟಿಸ್" ಬೇರೆ. ಅಪ್ರೆಂಟಿಸ್ ಅನ್ನೋದಕ್ಕೆ 1961ರ ಕಾಯ್ದೆ ಇದೆ. ಕಂಪನಿಗೂ ನಿನಗೂ ಒಪ್ಪಂದ ಆಗಬೇಕು, ಅದು ಸರ್ಕಾರದ ಅಪ್ರೆಂಟಿಸ್‌ಶಿಪ್ ಪೋರ್ಟಲ್‌ನಲ್ಲಿ ನೋಂದಣಿ ಆಗಬೇಕು. ಸೇರುವ ದಿನವೇ ಕೇಳು: "ಸರ್, ಕಾಂಟ್ರ್ಯಾಕ್ಟ್ ಪೋರ್ಟಲ್‌ನಲ್ಲಿ ಹಾಕ್ತೀರಾ?" ಅಂತ. ಹೌದು ಅಂದರೆ ವರ್ಷದ ಕೊನೆಗೆ ಪರೀಕ್ಷೆ ಬರೆದು ಪಾಸಾದಾಗ ನ್ಯಾಷನಲ್ ಅಪ್ರೆಂಟಿಸ್‌ಶಿಪ್ ಸರ್ಟಿಫಿಕೇಟ್ ಸಿಗುತ್ತೆ. ಐಟಿಐ ಸರ್ಟಿಫಿಕೇಟ್ ಜೊತೆ ಇದೂ ಇದ್ದರೆ ತೂಕ ಬೇರೆ. ಏಜೆನ್ಸಿ ಟ್ರೈನಿಗೆ ಇದ್ಯಾವುದೂ ಇರಲ್ಲ. ಒಂದು ವರ್ಷ ಆದ ಮೇಲೆ ಕೈಯಲ್ಲಿ ಉಳಿಯೋದು ಹಳೇ ಗೇಟ್‌ಪಾಸ್.

ಸ್ಟೈಪೆಂಡ್: 2019ರ ತಿದ್ದುಪಡಿಯಲ್ಲಿ ಐಟಿಐ ಪಾಸಾದವರಿಗೆ ಕನಿಷ್ಠ 7,000 ಅಂತ ಇಟ್ಟರು. ಕಂಪನಿ ಅದಕ್ಕಿಂತ ಜಾಸ್ತಿ ಕೊಡಬಹುದು. ಎನ್‌ಎಪಿಎಸ್ ಅನ್ನೋ ಅಪ್ರೆಂಟಿಸ್ ಪ್ರೋತ್ಸಾಹ ಯೋಜನೆಯಲ್ಲಿ ಸ್ಟೈಪೆಂಡ್‌ನ ಶೇಕಡಾ 25, ಹೆಚ್ಚೆಂದರೆ 1,500 ರೂಪಾಯಿ, ಕೇಂದ್ರ ಸರ್ಕಾರ ಕೊಡುತ್ತೆ. ಈಗ ಅದು ನೇರ ಹುಡುಗರ ಬ್ಯಾಂಕ್ ಖಾತೆಗೆ ಬೀಳುತ್ತೆ. ಆಧಾರ್ ಜೋಡಿಸಿದ ಖಾತೆ ಸರಿ ಇದೆಯಾ ಈಗಲೇ ನೋಡಿಕೋ. ನಮ್ಮಲ್ಲಿ ಒಬ್ಬ ಹುಡುಗನಿಗೆ ಆಧಾರ್‌ನಲ್ಲಿ ಅಪ್ಪನ ಹೆಸರಿನ ಅಕ್ಷರ ತಪ್ಪಿತ್ತು, ಓಡಾಡಿ ಸುಸ್ತಾದ.

ಒಂದು ಕಹಿ ಮಾತು. ಅಪ್ರೆಂಟಿಸ್ ಮುಗಿದ ಮೇಲೆ ಅದೇ ಕಂಪನಿ ಕೆಲಸ ಕೊಡಲೇಬೇಕು ಅಂತ ಕಾಯ್ದೆಯಲ್ಲಿ ಇಲ್ಲ. ನೀನು ಕಲಿಯುವವನು, ಕಾರ್ಮಿಕ ಅಲ್ಲ ಅಂತಲೇ ಲೆಕ್ಕ.

ರೈಲ್ವೆ_ಕನಸು · ಆಗಸ್ಟ್ 5, ಬೆಳಿಗ್ಗೆ 10:15

ಅಪ್ರೆಂಟಿಸ್ ಮಾಡಿದರೆ ರೈಲ್ವೆಯಲ್ಲಿ 20% ಕೋಟಾ ಇದೆ ಬ್ರೋ. ಅದಕ್ಕಾದ್ರೂ ಮಾಡು.

ಕ್ಯೂಸಿ_ಅಕ್ಕ · ಆಗಸ್ಟ್ 5, ಬೆಳಿಗ್ಗೆ 10:32

ಅದು ರೈಲ್ವೆಯ ಕಾರ್ಯಾಗಾರಗಳಲ್ಲೇ ಅಪ್ರೆಂಟಿಸ್ ಮುಗಿಸಿದವರಿಗೆ ಮಾತ್ರ ತಮ್ಮಾ. ಹೊರಗಡೆ ಖಾಸಗಿ ವರ್ಕ್‌ಶಾಪ್‌ನಲ್ಲಿ ಮಾಡಿದವರಿಗೆ ಬರಲ್ಲ. ಪಾಪ ಇದನ್ನೇ ನಂಬಿಕೊಂಡು ಸೇರುವವರು ಇದ್ದಾರೆ, ಅದಕ್ಕೆ ಹೇಳಿದೆ.

ಪೀಣ್ಯ_ಬಿ_ಶಿಫ್ಟ್ · ಆಗಸ್ಟ್ 5, ಮಧ್ಯಾಹ್ನ 1:50

ನಿನ್ನೆ ರಾತ್ರಿ ಹುರುಪಿನಲ್ಲಿ ಬಾ ಅಂದೆ. ಊಟದ ಟೈಮಲ್ಲಿ ಲೆಕ್ಕ ಹಾಕಿದೆ, ಅದನ್ನೂ ಹೇಳ್ತೀನಿ.

14,500 ಅಂದೆಯಲ್ಲ, ಅದು ಕಟಿಂಗ್‌ಗೆ ಮುಂಚೆಯೋ ಆಮೇಲೋ ಕೇಳು. ರೂಮಿಗೆ ಮೂರು ಜನ ಸೇರಿದರೂ ನನ್ನ ಪಾಲು 3,000 ಬರುತ್ತೆ. ಮೆಸ್ 3,500. ಬಸ್ಸು, ಫೋನು, ಸೋಪು, ಸಂಜೆ ಟೀ ಅಂತ 1,500. ಎರಡು ತಿಂಗಳಿಗೊಮ್ಮೆ ಊರಿಗೆ ಬಂದು ಹೋಗೋದು. ಉಳಿಯೋದು ಆರು ಸಾವಿರ ಅಂದುಕೋ. ಹರಿಹರದ 8,000ದಲ್ಲಿ ದಾವಣಗೆರೆಯಿಂದ ಬಸ್ ಪಾಸ್ ಕಳೆದರೆ ಎಷ್ಟು ಉಳಿಯುತ್ತೆ? ಹದಿನೈದು ಕಿಲೋಮೀಟರ್ ದಾರಿ, ಮನೆ ಊಟ. ಹೆಚ್ಚುಕಮ್ಮಿ ಅಷ್ಟೇ ಅಲ್ವಾ?

ಕೆಲಸದ ವಿಷಯ: ನಾನು ಮೊದಲ ಎಂಟು ತಿಂಗಳು ಮಾಡಿದ್ದು ಏನು ಗೊತ್ತಾ? ಬಾಗಿಲು ತೆಗಿ, ಜಾಬ್ ತೆಗಿ, ಏರ್ ಹೊಡಿ, ಜಾಬ್ ಹಾಕು, ಹಸಿರು ಬಟನ್ ಒತ್ತು. ಒಂದು ಜಾಬ್‌ಗೆ 52 ಸೆಕೆಂಡ್. ಆಫ್‌ಸೆಟ್ (ಟೂಲ್ ಎಷ್ಟು ಸರಿಯಬೇಕು ಅನ್ನೋ ತಿದ್ದುಪಡಿ ಅಂಕಿ) ಮುಟ್ಟಿದರೆ ಸೆಟ್ಟರ್ (ಮೆಷಿನ್ ಸೆಟ್ ಮಾಡುವವನು) ಬೈತಿದ್ದ. ಎಂಟು ತಿಂಗಳಾದ ಮೇಲೆ ಒಂದು ರಾತ್ರಿ ಸೆಟ್ಟರ್ ರಜೆ. ಬೋರ್ 0.02 ಚಿಕ್ಕದು ಬರ್ತಿತ್ತು. ನಾನೇ ಸರಿ ಮಾಡ್ತೀನಿ ಅಂತ ವೇರ್ ಆಫ್‌ಸೆಟ್ ಪೇಜಿಗೆ ಹೋದೆ. ಅಲ್ಲಿ ಆಗಲೇ ಮೈನಸ್ 0.12 ಇತ್ತು. ನಾನು 0.02 ಹೊಡೆದು "ಪ್ಲಸ್ ಇನ್‌ಪುಟ್" ಒತ್ತುವ ಬದಲು ಬರೀ "ಇನ್‌ಪುಟ್" ಒತ್ತಿದೆ. ಮೊದಲನೆಯದು ಹಳೇ ಅಂಕಿಗೆ ಕೂಡಿಸುತ್ತೆ, ಎರಡನೆಯದು ಹಳೆಯದನ್ನು ಅಳಿಸಿ ಹೊಸದು ಕೂರಿಸುತ್ತೆ. ಮೈನಸ್ 0.10 ಆಗಬೇಕಿದ್ದಿದ್ದು ಪ್ಲಸ್ 0.02 ಆಯ್ತು. ಬೋರ್ 0.12 ದೊಡ್ಡದು. ಶಾಫ್ಟ್ ದಪ್ಪ ಆದರೆ ಮತ್ತೆ ಕೆತ್ತಬಹುದು. ಬೋರ್ ಅಗಲ ಆದರೆ ಮಣ್ಣು ತುಂಬೋದಾ? ನಾನು ನೋಡೋ ಹೊತ್ತಿಗೆ ಒಂಬತ್ತು ಪೀಸ್ ಆಗಿತ್ತು.

ಹಾಗಂತ ಪೀಣ್ಯ ಕೆಟ್ಟದ್ದು ಅಂತಲ್ಲ. ನಾನು ಇವತ್ತು ಸೆಟ್ಟರ್, ಇಲ್ಲೇ ಆಗಿದ್ದು. ಆದರೆ ಆ ಎಂಟು ತಿಂಗಳು ನನಗೆ ಯಾರೂ ಏನೂ ಹೇಳಿಕೊಡಲಿಲ್ಲ.

ಫ್ಯಾನಕ್_ಪ್ರೇಮಿ · ಆಗಸ್ಟ್ 5, ಮಧ್ಯಾಹ್ನ 2:20

ಅದು ನಿನ್ನ ತಪ್ಪು, ಸಿಎನ್‌ಸಿ ತಪ್ಪಲ್ಲ 😄

ನಾನು ಈಗಲೂ ಹೇಳ್ತೀನಿ. ಮ್ಯಾನುಯಲ್ ಲೇತ್ ಮೇಲೆ ವರ್ಷ ಕಳೆದವನಿಗೆ ಪ್ರೋಗ್ರಾಮಿಂಗ್ ಬರಲ್ಲ, ಕ್ಯಾಮ್ ಸಾಫ್ಟ್‌ವೇರ್ ಬರಲ್ಲ. ಕಂಪನಿಯವರು ಕೇಳೋದು ಅದನ್ನೇ.

ಹಳೇ_ಟರ್ನರ್_ಹರಿಹರ · ಆಗಸ್ಟ್ 5, ಸಂಜೆ 7:45

ಪ್ರೇಮಿಗಳೇ, ಸಿಎನ್‌ಸಿ ಬೇಡ ಅಂತ ನಾನು ಎಲ್ಲಿ ಹೇಳಿದೆ? ನಾನೂ ಕೊನೆಯ ಹನ್ನೆರಡು ವರ್ಷ ಅದರ ಮುಂದೆಯೇ ನಿಂತವನು.

ಒಂದು ಉದಾಹರಣೆ ಕೊಡ್ತೀನಿ. 50 ಮಿಲಿಮೀಟರ್ ಮೈಲ್ಡ್ ಸ್ಟೀಲ್ ರಾಡ್, ಎಚ್‌ಎಸ್‌ಎಸ್ (ಹೈ ಸ್ಪೀಡ್ ಸ್ಟೀಲ್) ಟೂಲ್. ಕಟಿಂಗ್ ಸ್ಪೀಡ್ ನಿಮಿಷಕ್ಕೆ 30 ಮೀಟರ್ ಅಂದುಕೊಂಡರೆ 190 ಆರ್‌ಪಿಎಂ ಬರುತ್ತೆ. ಸೂತ್ರ ಎಲ್ಲರಿಗೂ ಬಾಯಿಪಾಠ. ಆದರೆ ಲೇತ್ ಮುಂದೆ ನಿಂತು ಸ್ಪೀಡ್ ಏರಿಸಿ ನೋಡಿದವನಿಗೆ ಚಿಪ್ಸ್ ನೀಲಿಗೆ ತಿರುಗೋದು ಕಾಣುತ್ತೆ, ಟೂಲ್ ತುದಿ ಮೊಂಡಾಗೋದು ಕಾಣುತ್ತೆ, ಶಬ್ದ ಬದಲಾಗೋದು ಕೇಳುತ್ತೆ. ಎಚ್‌ಎಸ್‌ಎಸ್‌ಗೆ ನೀಲಿ ಚಿಪ್ಸ್ ಬಂದರೆ ಟೂಲ್ ಸಾಯ್ತಿದೆ ಅಂತ. ಕಾರ್ಬೈಡ್ ಇನ್ಸರ್ಟ್‌ಗೆ (ಟೂಲ್ ತುದಿಗೆ ಕೂರಿಸುವ ಬಿಲ್ಲೆಗೆ) ಅದೇ ನೀಲಿ ಬಂದರೆ ಗಾಬರಿ ಬೇಡ, ಬಿಸಿಯೆಲ್ಲ ಚಿಪ್ಸ್ ಜೊತೆ ಹೋಗ್ತಿದೆ ಅಂತ. ಸಿಎನ್‌ಸಿಯಲ್ಲಿ ಬಾಗಿಲು ಮುಚ್ಚಿರುತ್ತೆ, ಕೂಲೆಂಟ್ (ತಂಪು ಮಾಡುವ ದ್ರವ) ರಪರಪ ಹೊಡೀತಿರುತ್ತೆ. ಒಳಗೆ ಏನಾಗ್ತಿದೆ ಅಂತ ಕಿವಿಯಿಂದ ಹೇಳಬೇಕು. ಆ ಕಿವಿ ಎಲ್ಲಿಂದ ಬರುತ್ತೆ? ಆರು ತಿಂಗಳು ಹ್ಯಾಂಡಲ್, ಆಮೇಲೆ ಸಿಎನ್‌ಸಿ. ಆ ವರ್ಕ್‌ಶಾಪ್‌ನಲ್ಲಿ ಎರಡೂ ಇದೆಯಲ್ಲ.

ದುರ್ಗದ_ತಂದೆ · ಆಗಸ್ಟ್ 5, ರಾತ್ರಿ 8:30

ನಾನು ಚಿತ್ರದುರ್ಗದಿಂದ. ಮಗ ಈ ವರ್ಷ ಎಸ್ಸೆಸ್ಸೆಲ್ಸಿ. ಅವನೂ ಇದೇ ಲೈನ್ ಅಂತಾನೆ. ನನಗೆ ಬೆರಳು ಹೋಗೋ ಭಯ. ನಮ್ಮ ಓಣಿಯಲ್ಲೇ ಒಬ್ಬರಿಗೆ ಎರಡು ಬೆರಳಿಲ್ಲ, ಎಣ್ಣೆ ಗಾಣದ ಮೆಷಿನ್‌ನಲ್ಲಿ ಹೋಗಿದ್ದು. ನಿಜ ಹೇಳಿ ಸರ್, ಎಷ್ಟು ಅಪಾಯ?

ಹಳೇ_ಟರ್ನರ್_ಹರಿಹರ · ಆಗಸ್ಟ್ 5, ರಾತ್ರಿ 9:10

ಯಜಮಾನ್ರೇ, ಅಪಾಯ ಇದೆ. ಆದರೆ ನಲವತ್ತು ವರ್ಷ ಆಯ್ತು, ನನ್ನ ಹತ್ತೂ ಬೆರಳು ಇವೆ. ನನ್ನ ಕಣ್ಣೆದುರು ಆದ ಅಪಘಾತಗಳೆಲ್ಲ ನಾಲ್ಕೈದು ಕಾರಣಕ್ಕೇ.

ಚಕ್ (ಜಾಬ್ ಹಿಡಿದು ತಿರುಗುವ ಭಾಗ) ಬಿಗಿ ಮಾಡುವ ಕೀ ಅನ್ನು ಚಕ್‌ನಲ್ಲೇ ಬಿಟ್ಟು ಮೆಷಿನ್ ಆನ್ ಮಾಡೋದು. ಅದು ಗುಂಡಿನ ಹಾಗೆ ಹಾರುತ್ತೆ. ನಮ್ಮ ಮೇಸ್ತ್ರಿ ಹೇಳ್ತಿದ್ದರು, ಕೀ ಮೇಲೆ ಕೈ ಇರುವವರೆಗೆ ಮಾತ್ರ ಕೀ ಚಕ್‌ನಲ್ಲಿ ಇರಬೇಕು, ಕೈ ಬಿಟ್ಟರೆ ಕೀ ಟ್ರೇಗೆ. ಎರಡನೆಯದು ಕೈಗವಸು. ಜನ ರಕ್ಷಣೆ ಅಂತ ಹಾಕೋತಾರೆ. ತಿರುಗುವ ಮೆಷಿನ್ ಮುಂದೆ ಕೈಗವಸು ಅಂದರೆ ಕೈಯನ್ನು ಒಳಗೆ ಎಳೆದುಕೊಳ್ಳಲು ಹಗ್ಗ ಕೊಟ್ಟ ಹಾಗೆ. ಬನಿಯನ್ ವೇಸ್ಟ್ (ಒರೆಸೋ ಚಿಂದಿ ಬಟ್ಟೆ) ಹಿಡಿದು ತಿರುಗುತ್ತಿರುವ ಜಾಬ್ ಒರೆಸೋದೂ ಅದೇ ಜಾತಿ. ಉದ್ದ ಚಿಪ್ಸ್ ಕೈಯಲ್ಲಿ ಎಳೆಯಬಾರದು, ಕೊಕ್ಕೆ ಇರುತ್ತೆ.

ಕೊನೆಯದು ಹೇಳಿದರೆ ತಾಯಂದಿರು ಬೇಜಾರು ಮಾಡ್ಕೋತಾರೆ. ಕೈಗೆ ಕಟ್ಟಿದ ದೇವರ ದಾರ, ಕಡಗ, ಉಂಗುರ. ದುಗ್ಗಮ್ಮನ ಗುಡಿಯಲ್ಲಿ ಕಟ್ಟಿಸಿದ ದಾರ ಅಂತ ಒಬ್ಬ ಹುಡುಗ ಬಿಚ್ಚಲ್ಲ ಅಂದ. ಜೇಬಲ್ಲಿ ಇಟ್ಟುಕೋ, ಅಮ್ಮ ಅಲ್ಲೂ ಇರ್ತಾಳೆ ಅಂದೆ. ಬಿಚ್ಚಿದ.

ಕ್ಯೂಸಿ_ಅಕ್ಕ · ಆಗಸ್ಟ್ 5, ರಾತ್ರಿ 9:36

ಅದರ ಜೊತೆಗೆ: ತರಬೇತಿ ಮಾಡುವಾಗ ಅಪ್ರೆಂಟಿಸ್‌ಗೆ ಗಾಯ ಆದರೆ ಪರಿಹಾರ ಕೊಡಬೇಕಾದದ್ದು ಕಂಪನಿ. ಕಾಯ್ದೆಯ 16ನೇ ಸೆಕ್ಷನ್. ಕಾಂಟ್ರ್ಯಾಕ್ಟ್ ನೋಂದಣಿ ಆಗಿರಲಿ ಅಂತ ನಾನು ಬಡಕೊಂಡಿದ್ದು ಇದಕ್ಕೂ ಸೇರಿ.

ದುರ್ಗದವರೇ, ಮಗ ಎಸ್ಸೆಸ್ಸೆಲ್ಸಿ ಅಂದಿರಿ. ಹರಿಹರದಲ್ಲೇ ಜಿಟಿಟಿಸಿ (ಸರ್ಕಾರಿ ಟೂಲ್ ರೂಂ ಮತ್ತು ತರಬೇತಿ ಕೇಂದ್ರ) ಇದೆ. ಟೂಲ್ ಅಂಡ್ ಡೈ ಮೇಕಿಂಗ್ ಡಿಪ್ಲೊಮಾ, ಮೂರು ವರ್ಷ ಅಲ್ಲಿ, ಒಂದು ವರ್ಷ ಕಂಪನಿಯಲ್ಲಿ. ಅದನ್ನೂ ಒಮ್ಮೆ ನೋಡಿ ಬನ್ನಿ.

ಟರ್ನರ್_ಹುಡುಗಿ · ಆಗಸ್ಟ್ 6, ಬೆಳಿಗ್ಗೆ 8:02

ಹುಡುಗಿಯರನ್ನು ತಗೋತಾರಾ? ನಮ್ಮ ಬ್ಯಾಚ್‌ನಲ್ಲಿ ನಾನೊಬ್ಬಳೇ. ಎರಡು ಕಡೆ "ಆಫೀಸ್ ಕೆಲಸ ಇದೆ, ಮಾಡ್ತೀಯಾ" ಅಂದರು.

ಕ್ಯೂಸಿ_ಅಕ್ಕ · ಆಗಸ್ಟ್ 6, ಬೆಳಿಗ್ಗೆ 8:55

ತಗೋತಾರೆ ಪುಟ್ಟಾ, ಆದರೆ ಹಟ ಮಾಡಬೇಕು. ನನಗೂ ಮೊದಲು ಡಿಸ್ಪ್ಯಾಚ್ ಬಿಲ್ ಬರೆಯೋಕೆ ಕೂರಿಸಿದ್ದರು. ದಿನಾ ಊಟದ ಟೈಮಲ್ಲಿ ಹೋಗಿ ಹೈಟ್ ಗೇಜ್ ಹತ್ತಿರ ನಿಲ್ತಿದ್ದೆ. "ಆಫೀಸ್ ಬೇಡ ಸರ್, ಮೆಷಿನ್ ಕೊಡಿ" ಅಂತ ಬಾಯಿಬಿಟ್ಟು ಹೇಳು. ಜಾಗ ನೋಡೋಕೆ ಹೋದಾಗ ಹೆಂಗಸರ ಟಾಯ್ಲೆಟ್ ಎಲ್ಲಿದೆ ಅಂತ ಮೊದಲೇ ಕೇಳು. ಉತ್ತರ ಹೇಳೋಕೆ ತಡವರಿಸಿದರೆ ಅಲ್ಲಿ ಇನ್ನೂ ಯಾರೂ ಹುಡುಗಿಯರು ಇಲ್ಲ ಅಂತ ತಿಳ್ಕೋ. ನನಗೆ ಮೆಸೇಜ್ ಮಾಡು, ಮಾತಾಡೋಣ.

ಬಡಗಿ_ಮಗ_ದಾವಣಗೆರೆ · ಆಗಸ್ಟ್ 11, ರಾತ್ರಿ 9:15

ಹರಿಹರಕ್ಕೇ ಸೇರಿದೆ. ಸ್ಟಿಕ್ಕರ್ ಇತ್ತು ಸರ್, ತಾರೀಕೂ ಮುಗಿದಿರಲಿಲ್ಲ. ಒಂದು ಮೈಕ್ರೋಮೀಟರ್ ಮೇಲೆ ಮಾತ್ರ ಕೆಂಪು ಸ್ಟಿಕ್ಕರ್, "ಬಳಸಬೇಡಿ" ಅಂತ. ಆಪರೇಟರ್ ಅಣ್ಣನನ್ನು ಕೇಳಿದೆ. "ನಾವೇ ಅಳೀತೀವಿ, ತಪ್ಪಾದರೆ ನಾವೇ ಬೈಸ್ಕೋತೀವಿ" ಅಂದರು. ಕಾಂಟ್ರ್ಯಾಕ್ಟ್ ಪೋರ್ಟಲ್‌ನಲ್ಲಿ ಹಾಕಿದ್ದಾರೆ.

ಬಡಗಿ_ಮಗ_ದಾವಣಗೆರೆ · ಆಗಸ್ಟ್ 23, ರಾತ್ರಿ 10:40

ಎರಡು ವಾರ ಆಯ್ತು. ಬೇಜಾರಾಗಿ ಬರೀತಿದ್ದೇನೆ. ಬರೀ ಡಿಬರ್ರಿಂಗ್ (ಅಂಚಿಗೆ ಉಳಿದ ಚೂಪು ಬರ್ ಉಜ್ಜಿ ತೆಗೆಯೋದು). ಚಿಪ್ಸ್ ಟ್ರಾಲಿ ತಳ್ಳೋದು. ಕೂಲೆಂಟ್ ಟ್ಯಾಂಕ್ ತೊಳೆಯೋದು. ಕೈ ಎಷ್ಟು ತೊಳೆದರೂ ವಾಸನೆ ಹೋಗಲ್ಲ, ಅವ್ವ ಮಾಡಿದ ರೊಟ್ಟಿಯೂ ಕೂಲೆಂಟ್ ವಾಸನೆ ಹೊಡೀತಿದೆ. ಜೊತೆಗೆ ಓದಿದವನು ಪೀಣ್ಯದಿಂದ ಸಿಎನ್‌ಸಿ ಮುಂದೆ ನಿಂತ ಫೋಟೊ ಸ್ಟೇಟಸ್ ಹಾಕ್ತಿದ್ದಾನೆ.

ಪೀಣ್ಯ_ಬಿ_ಶಿಫ್ಟ್ · ಆಗಸ್ಟ್ 23, ರಾತ್ರಿ 11:20

ಆ ಫೋಟೊದಲ್ಲಿ ಕಾಲು ನೋವು ಕಾಣಲ್ಲ ಗುರು. ವಾಸನೆಗೆ: ಕಡ್ಲೆಹಿಟ್ಟು, ಸ್ವಲ್ಪ ಕೊಬ್ಬರಿ ಎಣ್ಣೆ. ಮೊದಲು ಎಣ್ಣೆ ಹಚ್ಚಿ ಉಜ್ಜು, ಆಮೇಲೆ ಹಿಟ್ಟು. ಕೈ ತುರಿಕೆ ಬಂದರೆ ಮಾತ್ರ ಉದಾಸೀನ ಮಾಡಬೇಡ, ಡಾಕ್ಟರಿಗೆ ತೋರಿಸು. ನನ್ನ ರೂಮ್‌ಮೇಟ್‌ಗೆ ಬೆರಳ ಸಂದಿಯೆಲ್ಲ ಒಡೆದಿತ್ತು.

ಹಳೇ_ಟರ್ನರ್_ಹರಿಹರ · ಆಗಸ್ಟ್ 24, ಬೆಳಿಗ್ಗೆ 6:05

ಡಿಬರ್ರಿಂಗ್ ಮಾಡುವಾಗ ಬರ್ ಯಾವ ಕಡೆ ಇದೆ ನೋಡಿದೆಯಾ? ಟೂಲ್ ಯಾವ ಕಡೆಯಿಂದ ಹೊರಗೆ ಬಂತು ಅಂತ ಅದೇ ಹೇಳುತ್ತೆ. ಇವತ್ತಿನ ಬರ್ ನಿನ್ನೆಗಿಂತ ದಪ್ಪ ಇದ್ದರೆ ಇನ್ಸರ್ಟ್ ಸವೆದಿದೆ. ನಾಳೆ ಆಪರೇಟರ್‌ಗೆ ಹೋಗಿ "ಅಣ್ಣ, ಇನ್ಸರ್ಟ್ ಬದಲಿಸಬೇಕೇನೋ" ಅನ್ನು. ಅವನ ಮುಖ ನೋಡು.

ಬಡಗಿ_ಮಗ_ದಾವಣಗೆರೆ · ಆಗಸ್ಟ್ 26, ರಾತ್ರಿ 9:50

ಹೇಳಿದೆ ಸರ್. ಮೊದಲು ದುರುಗುಟ್ಟಿ ನೋಡಿದರು. ಆಮೇಲೆ ಇನ್ಸರ್ಟ್ ಬಿಚ್ಚಿ ಬೆಳಕಿಗೆ ಹಿಡಿದರು. ಮೂಲೆ ಚಿಪ್ ಆಗಿತ್ತು. ಏನೂ ಮಾತಾಡಲಿಲ್ಲ. ಸಂಜೆ ನಂಗೂ ಒಂದು ಟೀ ಹೇಳಿದರು.

ಬಡಗಿ_ಮಗ_ದಾವಣಗೆರೆ · ಡಿಸೆಂಬರ್ 14, ಮಧ್ಯಾಹ್ನ 12:30

ತುಂಬಾ ದಿನ ಆಯ್ತು ಬರೆದು. ಇವತ್ತು ಭಾನುವಾರ, ಕೂತು ಬರೀತಿದ್ದೇನೆ. ಮೊದಲ ಸ್ಕ್ರ್ಯಾಪ್ ಮಾಡಿದ ಕಥೆ.

ಸೆಪ್ಟೆಂಬರ್ ಪೂರ್ತಿ ಲೇತ್. ಅಕ್ಟೋಬರ್‌ನಲ್ಲಿ ಸೂಪರ್‌ವೈಸರ್ ಸರ್ ಇಪ್ಪತ್ತು ಪಿನ್ ಕೊಟ್ಟು, ಬೆಳಿಗ್ಗೆ ಅಳೆದು ಬರಿ, ಮಧ್ಯಾಹ್ನ ಅದನ್ನು ನೋಡದೆ ಮತ್ತೆ ಅಳೆದು ಬರಿ ಅಂದರು. ಎರಡೂ ಪಟ್ಟಿ ಇಟ್ಟು ನೋಡಿದರೆ ಒಂದೇ ಪಿನ್ ಎರಡು ಥರ. ನಾನು ಮೈಕ್ರೋಮೀಟರ್‌ನ ರ್ಯಾಚೆಟ್ (ಒತ್ತಡ ಒಂದೇ ಸಮ ಇಡುವ ತುದಿ ತಿರುಪು) ಬಿಟ್ಟು ಥಿಂಬಲ್ (ತಿರುಗಿಸುವ ಹಿಡಿ) ಹಿಡಿದು ಬಿಗಿ ಮಾಡ್ತಿದ್ದೆ. ಒಂದು ವಾರ ಅದನ್ನೇ ಮಾಡಿಸಿದರು. ಕೊನೆಗೆ ಎರಡು ಪಟ್ಟಿ ಎರಡು ಮೈಕ್ರಾನ್ ಒಳಗೆ ಬಂತು. ನವೆಂಬರ್‌ನಲ್ಲಿ ಸಿಎನ್‌ಸಿ ಮುಂದೆ ನಿಲ್ಲಿಸಿದರು.

ಕಳೆದ ಮಂಗಳವಾರ 25 ಮಿಲಿಮೀಟರ್ ಪಿನ್. ಡ್ರಾಯಿಂಗ್‌ನಲ್ಲಿ 25 ಜಿ6. ಅಂದರೆ 24.980ರಿಂದ 24.993ರ ಒಳಗೆ ಇರಬೇಕು. ಬೆಳಿಗ್ಗೆಯಿಂದ ಕೂಲೆಂಟ್ ಸಣ್ಣಗೆ ಬರ್ತಿತ್ತು, ಫಿಲ್ಟರ್ ಕಟ್ಟಿಕೊಂಡಿತ್ತು. ನಾನು ಗಮನ ಕೊಡಲಿಲ್ಲ. ಜಾಬ್ ಬಿಸಿಬಿಸಿ ಬರ್ತಿತ್ತು. ಹೊರಗೆ ತೆಗೆದ ತಕ್ಷಣ ಅಳೆದೆ. 24.998. ಐದು ಮೈಕ್ರಾನ್ ದಪ್ಪ! ಸೇಫ್ ಆಗಿರಲಿ ಅಂತ ಆಫ್‌ಸೆಟ್‌ನಲ್ಲಿ ಮೈನಸ್ 0.014 ಕೊಟ್ಟೆ. ಪ್ಲಸ್ ಇನ್‌ಪುಟ್ಟೇ ಒತ್ತಿದೆ ಪೀಣ್ಯ ಅಣ್ಣ, ನಿಮ್ಮನ್ನ ನೆನೆಸಿಕೊಂಡು. ಮುಂದಿನ ಪಿನ್ 24.984 ಬಂತು. ಖುಷಿಯಿಂದ ಹನ್ನೊಂದು ಪೀಸ್ ಓಡಿಸಿದೆ.

ಊಟ ಆದ ಮೇಲೆ ಕ್ಯೂಸಿಯವರು ಅಳೆದರು. 24.977. ಹನ್ನೊಂದೂ ಅಷ್ಟೇ. ಮೂರು ಮೈಕ್ರಾನ್ ಸಣ್ಣ. ಎಲ್ಲಾ ರಿಜೆಕ್ಟ್. ಹೊಟ್ಟೆ ಉರಿದಿದ್ದು ಆಮೇಲೆ. ನಾನು "ದಪ್ಪ" ಅಂದುಕೊಂಡಿದ್ದ ಮೊದಲ ಪಿನ್ ತಣ್ಣಗಾದ ಮೇಲೆ ಅಳೆದರೆ 24.991. ಅದು ಪಾಸು! ಮೊದಲೇ ಸರಿ ಇದ್ದಿದ್ದನ್ನು ನಾನೇ ಸರಿ ಮಾಡಲು ಹೋಗಿ ಕೆಡಿಸಿದ್ದೆ.

ಸರ್ ಕೂಗಾಡ್ತಾರೆ ಅಂದುಕೊಂಡಿದ್ದೆ. ಸ್ಕ್ರ್ಯಾಪ್ ರಿಜಿಸ್ಟರ್ ತಂದು ಮುಂದೆ ಇಟ್ಟರು. ನೀನೇ ಬರಿ ಅಂದರು. ಕಾರಣದ ಕಾಲಂನಲ್ಲಿ "ಬಿಸಿ ಇರುವಾಗ ಅಳೆದೆ" ಅಂತ ಬರೆದೆ. ಓದಿ, "ಕೂಲೆಂಟ್ ನೋಡಲಿಲ್ಲ ಅಂತಾನೂ ಬರಿ" ಅಂದರು. ಬರೆದೆ. ಅಷ್ಟೇ.

ಹಳೇ_ಟರ್ನರ್_ಹರಿಹರ · ಡಿಸೆಂಬರ್ 14, ಮಧ್ಯಾಹ್ನ 1:15

ನಿಮ್ಮ ಸೂಪರ್‌ವೈಸರ್ ಒಳ್ಳೆಯವರು ತಮ್ಮಾ.

ಲೆಕ್ಕ ನೋಡು. ಉಕ್ಕು ಒಂದು ಡಿಗ್ರಿ ಬಿಸಿಯಾದರೆ ಒಂದು ಮೀಟರ್‌ಗೆ ಹನ್ನೊಂದೂವರೆ ಮೈಕ್ರಾನ್ ಹಿಗ್ಗುತ್ತೆ. ನಿನ್ನ ಪಿನ್ 25 ಮಿಲಿಮೀಟರ್. ಮೈಕ್ರೋಮೀಟರ್‌ಗಿಂತ 25 ಡಿಗ್ರಿ ಜಾಸ್ತಿ ಬಿಸಿ ಇದ್ದರೆ ಏಳು ಮೈಕ್ರಾನ್ ಬರುತ್ತೆ. 24.998ರಲ್ಲಿ ಏಳು ಕಳಿ, ನಿನ್ನ 24.991 ಸಿಕ್ಕಿತು. ಜಗತ್ತಿನ ಎಲ್ಲಾ ಡ್ರಾಯಿಂಗ್‌ಗಳ ಅಳತೆ 20 ಡಿಗ್ರಿಗೆ ಅಂತ ಲೆಕ್ಕ. ನಮ್ಮ ಏಪ್ರಿಲ್‌ನಲ್ಲಿ 20 ಡಿಗ್ರಿ ಎಲ್ಲಿಂದ ತರೋದು? ಜಾಬ್ ಮತ್ತು ಅಳತೆ ಸಾಮಾನು ಎರಡೂ ಉಕ್ಕು, ಎರಡೂ ಒಂದೇ ಬಿಸಿಯಲ್ಲಿ ಇದ್ದರೆ ತಕ್ಕ ಮಟ್ಟಿಗೆ ಸರಿಹೋಗುತ್ತೆ. ಅದಕ್ಕೇ ಮೈಕ್ರೋಮೀಟರ್ ಜೇಬಲ್ಲಿ ಇಟ್ಟುಕೊಳ್ಳಬೇಡ ಅನ್ನೋದು. ಜಾಬ್ ಪಕ್ಕದಲ್ಲೇ ಕಬ್ಬಿಣದ ಪ್ಲೇಟ್ ಮೇಲೆ ಎರಡನ್ನೂ ಇಟ್ಟು ಸ್ವಲ್ಪ ಹೊತ್ತು ಬಿಡು.

ಫ್ಯಾನಕ್_ಪ್ರೇಮಿ · ಡಿಸೆಂಬರ್ 14, ಮಧ್ಯಾಹ್ನ 2:40

ಇದು ನನಗೂ ಗೊತ್ತಿರಲಿಲ್ಲ. ಬೆಳಿಗ್ಗೆ ಬ್ಯಾಚು ಮಧ್ಯಾಹ್ನದ ಬ್ಯಾಚು ಯಾಕೆ ಬೇರೆ ಬರುತ್ತೆ ಅಂತ ಮೂರು ತಿಂಗಳಿಂದ ಪ್ರೋಗ್ರಾಮ್‌ನಲ್ಲಿ ಹುಡುಕ್ತಿದ್ದೆ. ಥೂ.

ದುರ್ಗದ_ತಂದೆ · ಡಿಸೆಂಬರ್ 14, ಸಂಜೆ 5:10

ಮಗನಿಗೆ ಇದನ್ನು ಪೂರ್ತಿ ಓದಿಸಿದೆ. ಮನೆಯಲ್ಲಿ ನಿಮ್ಮ ತಂದೆ ಏನಂದ್ರು ತಮ್ಮಾ?

ಬಡಗಿ_ಮಗ_ದಾವಣಗೆರೆ · ಡಿಸೆಂಬರ್ 14, ರಾತ್ರಿ 8:20

ಅಪ್ಪನಿಗೆ ಮೂರು ಮೈಕ್ರಾನ್ ಅಂದ್ರೆ ಅರ್ಥ ಆಗಲಿಲ್ಲ. ಹಳೇ ಟರ್ನರ್ ಸರ್ ಲೆಕ್ಕ ಹೇಳಿದೆ. ನಿನ್ನ ಒಂದು ನೂಲನ್ನು ಸಾವಿರ ಭಾಗ ಮಾಡಿದರೆ ಅದರಲ್ಲಿ ಒಂದು ಭಾಗ ಅಪ್ಪಾ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. "ಅಷ್ಟಕ್ಕೆ ಬಿಸಾಕ್ತಾರಾ? ಹನ್ನೊಂದೂ?" ಅಂತ ನಕ್ಕರು. ಆಮೇಲೆ ಒಂದು ತಗೊಂಡು ಬಾ ನೋಡೋಣ ಅಂದರು. ಸರ್ ಅವರನ್ನು ಕೇಳಿ ಒಂದು ತಂದೆ. ಬೆರಳಲ್ಲಿ ತಿರುಗಿಸಿ, ಉಗುರಲ್ಲಿ ಗೀಚಿ, ಬೆಳಕಿಗೆ ಹಿಡಿದು ನೋಡಿದರು. ಈಗ ಅದು ಅವರ ಉಳಿ ಪೆಟ್ಟಿಗೆಯಲ್ಲಿದೆ. ಹಳೇ ಬಾಗಿಲಿನ ತಿರುಗಣೆ ಮೊಳೆ ಹೊಡೆದು ತೆಗೆಯೋಕೆ ಸರಿಯಾಗಿದೆಯಂತೆ.

ನಾಳೆಯಿಂದ ನನಗೆ ಬೋರ್ ಕೊಡ್ತಾರಂತೆ, ಎಚ್7 ಅಳತೆ ಮಿತಿಗೆ. ಬೋರ್ ಗೇಜ್ ಸೆಟ್ ಮಾಡೋದು ಹೇಗೆ ಸರ್? ರಿಂಗ್ ಗೇಜ್ ಒಂದೇ ಇದೆ, ಅದೂ ಬೇರೆ ಸೈಜು.

ಹಳೇ_ಟರ್ನರ್_ಹರಿಹರ · ಡಿಸೆಂಬರ್ 14, ರಾತ್ರಿ 8:45

ಸ್ಲಿಪ್ ಗೇಜ್ ಇದೆಯಲ್ಲ, ಬೇಕಾದ ಸೈಜಿಗೆ ಜೋಡಿಸು. ಹೋಲ್ಡರ್‌ನಲ್ಲಿ ಕೂರಿಸಿ ಸೊನ್ನೆ ಮಾಡಬಹುದು. ಹೋಲ್ಡರ್ ಇಲ್ಲದಿದ್ದರೆ ಮೈಕ್ರೋಮೀಟರ್ ಅನ್ನು ಸ್ಲಿಪ್‌ಗೆ ಸೆಟ್ ಮಾಡಿ ಲಾಕ್ ಮಾಡು, ಅದರ ನಡುವೆ ಬೋರ್ ಗೇಜ್ ಇಟ್ಟು ಆಚೀಚೆ ತೂಗು. ಮುಳ್ಳು ಎಲ್ಲಿ ತಿರುಗಿ ವಾಪಸ್ ಹೊರಡುತ್ತೋ ಅದು ನಿನ್ನ ಸೊನ್ನೆ. ಸ್ಲಿಪ್ ಅನ್ನು ಬರಿಗೈಯಲ್ಲಿ ಜಾಸ್ತಿ ಹೊತ್ತು ಹಿಡೀಬೇಡ, ಯಾಕೆ ಅಂತ ಈಗ ನಿನಗೇ ಗೊತ್ತು.

ಮತ್ತೆ ಬೆಳಿಗ್ಗೆ ಹೋದ ತಕ್ಷಣ ಫಿಲ್ಟರ್ ನೋಡು.